ಚೆಕ್‌ರೋಲ್ ಹಿಡಿದ ಕಾದಂಬರಿ: ಟಿಪ್ಪಣಿಗಳಿಗೊಂದು ತಂತ್ರಾಂಶ ಆಯ್ದುಕೊಂಡ ಪ್ರಕರಣ

ಈ ಪ್ರಕರಣದ ಲೇಖಕಿಯ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಅವರ ಹೆಸರು, ಊರು, ಶಾಲೆ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕಾದಂಬರಿಯ ಪಾತ್ರಗಳ ಹೆಸರುಗಳನ್ನು ಬದಲಿಸಿದ್ದೇನೆ. ಕಾದಂಬರಿಯೊಳಗಿನ ಇಸವಿಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಇಡೀ ಪ್ರಕರಣ ತಿರುಗಿದ್ದೇ ಅವುಗಳ ಸುತ್ತ. ನಾನು ಹಾಸನದಲ್ಲಿ ಬಹಳ ವರ್ಷಗಳಿಂದ ಪುಸ್ತಕಗಳ ಅಕ್ಷರ ಜೋಡಣೆ, ಪುಟವಿನ್ಯಾಸದ ಕೆಲಸ ಮಾಡುವವನು. ಕಾದಂಬರಿ ಬರೆದವನಲ್ಲ. ಬರೆದವರ ಕಡತಗಳು ಯಾವ ಸ್ಥಿತಿಯಲ್ಲಿ ಬರುತ್ತವೆ ಎಂಬುದನ್ನು ಬಲ್ಲೆ, ಅಷ್ಟೆ.

ಹಿನ್ನೆಲೆ

ಲೇಖಕಿ ಹಾಸನ ಜಿಲ್ಲೆಯ ಮಲೆನಾಡು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಅವರ ತಂದೆ ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ತೋಟದ ಮಾತಿನಲ್ಲಿ ರೈಟರೆಂದರೆ ಬರಹಗಾರನಲ್ಲ. ಆಳುಗಳ ಹಾಜರಿ, ಬಟವಾಡೆ, ಗೋದಾಮಿನ ಚೀಲ, ಇವುಗಳ ಲೆಕ್ಕ ಇಡುವವನು. ತಾಯಿಯ ಕಡೆಯವರು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋದ ಹಳ್ಳಿಯೊಂದರಿಂದ ಎದ್ದುಬಂದವರು. ಈ ಎರಡು ಎಳೆಗಳನ್ನು ಹೆಣೆದು ಅವರು ಒಂದು ಕಾದಂಬರಿ ಬರೆಯುತ್ತಿದ್ದರು: ಮುಳುಗಡೆಯ ಊರು ಬಿಟ್ಟ ಅಜ್ಜ, ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನುಮನೆಗಳ ಪಕ್ಕದಲ್ಲಿ ಬೆಳೆದ ಮಗಳು, ಮಂಗಳೂರಿಗೆ ಓದಲು ಹೋಗಿ ಅರ್ಧಕ್ಕೆ ಮರಳಿದ ಮೊಮ್ಮಗ. ಕಥೆಯ ಕಾಲ 1971ರಿಂದ 2008ರವರೆಗೆ.

2023ರ ಜೂನ್‌ನಲ್ಲಿ ಅವರು ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ 240 ಪುಟಗಳ ಒಂದು ಕರಡು ಇತ್ತು. ಅದರ ಹಿಂದೆ ಒಂಬತ್ತು ವರ್ಷಗಳ ಟಿಪ್ಪಣಿಗಳಿದ್ದವು: ಐದು ಉದ್ದ ನೋಟ್‌ಪುಸ್ತಕ, ಹಳೆಯ ಲ್ಯಾಪ್‌ಟಾಪಿನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ ಮೂವತ್ತೇಳು ಕಡತ, ಫೋನಿನಲ್ಲಿ ಯೂನಿಕೋಡ್‌ನಲ್ಲಿ ಗೀಚಿಟ್ಟ ನೂರಾರು ಚೂರು, ತಾವೊಬ್ಬರೇ ಸದಸ್ಯರಾಗಿರುವ ಒಂದು ವಾಟ್ಸಾಪ್ ಗುಂಪು, ಅದರೊಳಗೆ ದೊಡ್ಡಮ್ಮನಿಂದ ಮಾತಾಡಿಸಿ ಹಿಡಿದಿಟ್ಟ ಹದಿನಾಲ್ಕು ಧ್ವನಿಮುದ್ರಿಕೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಾದಂಬರಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು?"

ನಾನು ಆಗ ಕೊಟ್ಟ ಉತ್ತರ ತಪ್ಪಾಗಿತ್ತು. ಪ್ರಶ್ನೆಯನ್ನು ಇದ್ದಂತೆಯೇ ತೆಗೆದುಕೊಂಡು ಹೆಸರುಗಳನ್ನು ಹೇಳತೊಡಗಿದೆ.

ಸಮಸ್ಯೆ ನಿಜವಾಗಿ ಏನಿತ್ತು

ಮೊದಲ ತೊಡಕು ಕಾದಂಬರಿಗೆ ಸಂಬಂಧಿಸಿದ್ದೇ ಅಲ್ಲ, ಕನ್ನಡ ಅಕ್ಷರಗಳಿಗೆ ಸಂಬಂಧಿಸಿದ್ದು. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಕಾಣುವುದು ಕನ್ನಡವಾದರೂ ಕಡತದೊಳಗೆ ಕೂತಿರುವುದು ಇಂಗ್ಲಿಷಿನ ಸಂಕೇತಗಳು. ಫಾಂಟು ತೆಗೆದರೆ ಪುಟ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ. ಫೋನಿನಲ್ಲಿ ಬರೆದದ್ದೆಲ್ಲ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡ್. ಹಾಗಾಗಿ "ದೇವೀರಮ್ಮ" ಎಂದು ಹುಡುಕಿದರೆ ಫೋನಿನ ಚೂರುಗಳಲ್ಲಿ ಸಿಗುತ್ತಿದ್ದ ಆಕೆ ಆ ಮೂವತ್ತೇಳು ಕಡತಗಳಲ್ಲಿ ಇಲ್ಲವೇ ಇಲ್ಲ ಎಂದು ಕಂಪ್ಯೂಟರು ಹೇಳುತ್ತಿತ್ತು. ಒಬ್ಬಳೇ ಪಾತ್ರ, ಎರಡು ಲಿಪಿಲೋಕ.

ಎರಡನೆಯದು ಕಾದಂಬರಿಯದ್ದೇ. ಕರಡಿನ 31ನೇ ಪುಟದಲ್ಲಿ ಅಜ್ಜ 1974ರಲ್ಲಿ, ನೀರು ಬರುವ ಸುದ್ದಿಯಷ್ಟನ್ನೇ ಕೇಳಿ ಸಾಯುತ್ತಾನೆ. 166ನೇ ಪುಟದಲ್ಲಿ ಅದೇ ಅಜ್ಜ ತುಂಬಿದ ಹಿನ್ನೀರಿನ ಅಂಚಿನಲ್ಲಿ ನಿಂತು ತನ್ನ ಹೊಲ ಎಲ್ಲಿತ್ತೆಂದು ಬೆರಳು ಮಾಡಿ ತೋರಿಸುತ್ತಾನೆ. ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಎರಡೂ ದೃಶ್ಯಗಳು ಚೆನ್ನಾಗಿದ್ದವು, ಎರಡನ್ನೂ ಅವರು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಟಿಪ್ಪಣಿಗಳಿಂದ ಬೆಳೆಸಿದ್ದರು, ಮತ್ತು ಒಂದನ್ನು ಬರೆಯುವಾಗ ಇನ್ನೊಂದು ನೆನಪಿನಲ್ಲಿರಲಿಲ್ಲ. "ಎಲ್ಲೋ ಬರೆದಿಟ್ಟಿದ್ದೆ, ಎಲ್ಲೆಂದು ಗೊತ್ತಿಲ್ಲ" ಎಂಬ ಮಾತನ್ನು ಅವರು ಆ ಮಧ್ಯಾಹ್ನ ನಾಲ್ಕೈದು ಸಲ ಹೇಳಿದ್ದಾರೆ.

ಪ್ರಯತ್ನಗಳು

ಮೊದಲ ಪ್ರಯತ್ನ ಅವರದೇ ಆಯ್ಕೆ. ಯಾರೋ ಯೂಟ್ಯೂಬಿನಲ್ಲಿ ತೋರಿಸಿದ್ದ ಒಂದು ಆನ್‌ಲೈನ್ ಟಿಪ್ಪಣಿ ಸೇವೆಯಲ್ಲಿ ಕಾದಂಬರಿಕಾರರಿಗೆಂದೇ ಸಿದ್ಧವಾಗಿದ್ದ ಮಾದರಿ ಪುಟಗಳನ್ನು ಅವರು ಇಳಿಸಿಕೊಂಡರು. ಪ್ರತಿ ಪಾತ್ರಕ್ಕೂ ಒಂದು ಪುಟ. ಕಣ್ಣಿನ ಬಣ್ಣ, ಎತ್ತರ, ಬಾಲ್ಯದ ಭಯ, ಇಷ್ಟದ ಹಾಡು ತುಂಬಿಸಲು ಮನೆಗಳು. ಜುಲೈ, ಆಗಸ್ಟ್ ಎರಡು ತಿಂಗಳಲ್ಲಿ ಇಪ್ಪತ್ತೆರಡು ಪಾತ್ರಗಳ ಪುಟ ತುಂಬಿತು, ಕಾದಂಬರಿಗೆ ಒಂದು ಸಾಲೂ ಸೇರಲಿಲ್ಲ. ಮೇಲಾಗಿ ಆಷಾಢದ ಮಳೆಯಲ್ಲಿ ಅವರ ಮನೆಯ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಸಿಗ್ನಲ್ ಇಲ್ಲದಾಗ ಪುಟಗಳು ತೆರೆಯುತ್ತಿರಲಿಲ್ಲ. ಬರೆಯಲು ಬಿಡುವು ಸಿಗುವುದೇ ಶಾಲೆಗೆ ಮಳೆರಜೆ ಕೊಟ್ಟ ದಿನ, ಆ ದಿನವೇ ಟಿಪ್ಪಣಿಗಳಿಗೆ ಬೀಗ. ಅದನ್ನು ಬಿಟ್ಟರು.

ಎರಡನೆಯದಾಗಿ ಆಸ್ಟ್ರೇಲಿಯಾದ ಕಾದಂಬರಿಕಾರ, ಪ್ರೋಗ್ರಾಮರ್ ಸೈಮನ್ ಹೇನ್ಸ್ ಅವರ ಉಚಿತ ತಂತ್ರಾಂಶ ವೈರೈಟರ್ ನೋಡಿದೆವು. ಅಧ್ಯಾಯವನ್ನು ದೃಶ್ಯಗಳಾಗಿ ಒಡೆದು, ಪ್ರತಿ ದೃಶ್ಯಕ್ಕೂ ಪಾತ್ರ, ಸ್ಥಳ, ವಸ್ತುಗಳನ್ನು ಅಂಟಿಸುವ ಅದರ ಕ್ರಮ ಸರಿಯಾದದ್ದು. ಲೇಖಕಿಗೆ ಅದರ ಮುಖ ಹಿಡಿಸಲಿಲ್ಲ. ಎರಡು ದಿನದಲ್ಲಿ ಮುಗಿಯಿತು. ಆದರೆ ದೃಶ್ಯವೇ ಕಾದಂಬರಿಯ ಅಳತೆಗೋಲು ಎಂಬ ಮಾತು ಅಲ್ಲಿಂದಲೇ ಅವರ ತಲೆಗೆ ಹೋದದ್ದು.

ಮೂರನೆಯದು ಸ್ಕ್ರಿವ್‌ನರ್. ಕೀತ್ ಬ್ಲೌಂಟ್ ಎಂಬುವರು ತಮ್ಮದೇ ಬರವಣಿಗೆಯ ಅನುಕೂಲಕ್ಕೆಂದು ಕಟ್ಟಲು ಹೊರಟು 2007ರಲ್ಲಿ ಮ್ಯಾಕ್‌ಗೆ ಹೊರತಂದ ಈ ತಂತ್ರಾಂಶಕ್ಕೆ ಈಗ ವಿಂಡೋಸ್ ಆವೃತ್ತಿಯೂ ಇದೆ. ಒಮ್ಮೆ ಹಣ ಕೊಟ್ಟು ಕೊಳ್ಳುವುದು, ತಿಂಗಳ ಬಾಡಿಗೆಯಿಲ್ಲ. ಪ್ರಾಯೋಗಿಕ ಅವಧಿಯ ಮೂವತ್ತು ದಿನವನ್ನು ಬಳಸಿದ ದಿನಗಳಿಂದಷ್ಟೇ ಲೆಕ್ಕ ಹಾಕುತ್ತಾರೆ, ಹಾಗಾಗಿ ವಾರಕ್ಕೆರಡು ದಿನ ಬರೆಯುವವರಿಗೆ ಆ ಮೂವತ್ತು ದಿನ ಮೂರು ತಿಂಗಳಿಗೂ ಮೀರಿ ಬರುತ್ತದೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಲೇಖಕಿ ಇದರಲ್ಲಿಯೇ ಇದ್ದರು. 240 ಪುಟಗಳು 118 ದೃಶ್ಯಗಳಾಗಿ ಒಡೆದವು. ಪ್ರತಿ ದೃಶ್ಯಕ್ಕೂ ಎರಡು ಸಾಲಿನ ಸಾರಾಂಶ ಬರೆದರೆ ಅದು ಪರದೆಯ ಮೇಲಿನ ಕಾರ್ಕ್ ಹಲಗೆಗೆ ಚುಚ್ಚಿದ ಕಾರ್ಡಾಗಿ ಕಾಣುತ್ತದೆ. ಕಾರ್ಡನ್ನು ಎಳೆದು ಇನ್ನೊಂದೆಡೆ ಇಟ್ಟರೆ ಆ ದೃಶ್ಯದ ಇಡೀ ಪಠ್ಯ ಅದರ ಹಿಂದೆ ಹೋಗುತ್ತದೆ. ಮೊದಲ ಸಲ ತಮ್ಮ ಕಾದಂಬರಿಯನ್ನು ಒಂದೇ ನೋಟಕ್ಕೆ ಕಂಡ ಸಂತೋಷ ಅವರದು. ಮೊಮ್ಮಗನ ಕಥೆಯಿಂದ ಆರಂಭಿಸಿ ಹಿಂದಕ್ಕೆ ಹೋಗುವ ಹೊಸ ಜೋಡಣೆ ಹೊಳೆದದ್ದು ಆ ಹಲಗೆಯ ಮೇಲೆಯೇ, ಇವತ್ತಿಗೂ ಕಾದಂಬರಿ ನಿಂತಿರುವುದು ಆ ಜೋಡಣೆಯಲ್ಲಿಯೇ.

ಇಷ್ಟು ಕೊಟ್ಟ ತಂತ್ರಾಂಶವನ್ನು ಬಿಡಬೇಕಾದದ್ದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಐಫೋನಿಗಿದೆ, ಆಂಡ್ರಾಯ್ಡ್‌ಗಿಲ್ಲ. ಲೇಖಕಿಯ ಟಿಪ್ಪಣಿಗಳಲ್ಲಿ ಮುಕ್ಕಾಲು ಭಾಗ ಹುಟ್ಟುವುದು ಬಸ್ಸಿನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ. ಎರಡನೆಯದಾಗಿ ಅದು ಪಠ್ಯವನ್ನು, ಅಕ್ಷರದ ಜೊತೆ ಅದರ ವಿನ್ಯಾಸವನ್ನೂ ಹಿಡಿದಿಡುವ ಆರ್‌ಟಿಎಫ್ ಕಡತಗಳಲ್ಲಿ ಇಡುತ್ತದೆ. ಆರ್‌ಟಿಎಫ್‌ನಲ್ಲಿ ಕನ್ನಡದ "ಕ" ಎಂಬ ಅಕ್ಷರ "ಕ" ಆಗಿ ಇರುವುದಿಲ್ಲ; ಒಂದು ಹಿಂಗೆರೆ, ಯು ಎಂಬ ಅಕ್ಷರ, 3221 ಎಂಬ ಅಂಕೆ, ಹೀಗೆ ಕೂತಿರುತ್ತದೆ. ತಂತ್ರಾಂಶದೊಳಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಹತ್ತು ವರ್ಷದ ನಂತರ ಆ ಕಡತವನ್ನು ಯಾವುದೋ ಸಾದಾ ಎಡಿಟರ್‌ನಲ್ಲಿ ತೆರೆದರೆ ಕಾಣುವುದು ಅಂಕೆಗಳ ಸಾಲು. ನುಡಿಯ ಮೂವತ್ತೇಳು ಕಡತಗಳನ್ನು ಪರಿವರ್ತಕಕ್ಕೆ ಕೊಟ್ಟು, ಅರ್ಕಾವತ್ತು ಪಲ್ಲಟವಾದ ಕಡೆಯೆಲ್ಲ ಕೈಯಿಂದ ತಿದ್ದುತ್ತ ಒಂದು ತಿಂಗಳ ಸಂಜೆಗಳನ್ನು ಕಳೆದಿದ್ದ ಲೇಖಕಿಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ. ಹೊರಗಿನ ಫೋಲ್ಡರಿನೊಡನೆ ಸಾದಾ ಪಠ್ಯವಾಗಿ ಹೊಂದಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ ಎಂದು ನಾನು ತೋರಿಸಿದೆ. ದಿನವೂ ಮಾಡಬೇಕಾದ ಇನ್ನೊಂದು ಕೆಲಸ ಎಂದು ಅವರು ತಲೆಯಾಡಿಸಿದರು.

ಇವೆರಡೂ ಇದ್ದೂ ಅವರು ಅದನ್ನೇ ಕೊಳ್ಳುತ್ತಿದ್ದರೇನೋ. ತಡೆದದ್ದು ಒಂದು ಮದುವೆ.

ಡಿಸೆಂಬರ್‌ನಲ್ಲಿ ಅರಳಿದ ಕಾಫಿ ಹೂವು

ಹಲಗೆಯ ಮೇಲೆ ಕಾರ್ಡುಗಳನ್ನು ಸರಿಸುವಾಗ ಅವರು ಮಗಳ ಮದುವೆಯ ದೃಶ್ಯವನ್ನು ಏಪ್ರಿಲ್‌ನಿಂದ ಎತ್ತಿ ಡಿಸೆಂಬರ್‌ಗೆ ಇಟ್ಟಿದ್ದರು; ಕೊಯ್ಲಿನ ಗಡಿಬಿಡಿಯ ನಡುವೆ ಮದುವೆಯಾದರೆ ಕಥೆಗೆ ಬಿಗಿ ಬರುತ್ತದೆ ಎಂಬುದು ಲೆಕ್ಕ. ಲೆಕ್ಕ ಸರಿಯೇ. ಆದರೆ ಆ ದೃಶ್ಯ ತೆರೆದುಕೊಳ್ಳುತ್ತಿದ್ದದ್ದು ಚಪ್ಪರದ ಸುತ್ತಲಿನ ತೋಟ ಬೆಳ್ಳಗೆ ಹೂ ಬಿಟ್ಟ ಪರಿಮಳದಿಂದ. ಕಾಫಿ ಹೂವಾಗುವುದು ಬೇಸಿಗೆಯ ಮೊದಲ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ, ಫೆಬ್ರುವರಿಯ ಕೊನೆಯಿಂದ ಏಪ್ರಿಲ್‌ನೊಳಗೆ. ಡಿಸೆಂಬರ್‌ನಲ್ಲಿ ಗಿಡದಲ್ಲಿರುವುದು ಹಣ್ಣು, ಕಣದಲ್ಲಿ ಒಣಗುತ್ತಿರುವುದೂ ಹಣ್ಣು, ಗಾಳಿಯಲ್ಲಿರುವುದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗಿನ ನೀರು ಹುಳಿಯಾದ ವಾಸನೆ. ಇದು ಆ ಸೀಮೆಯ ಮಗುವಿಗೂ ಗೊತ್ತು, ಲೇಖಕಿಗಂತೂ ಹೇಳಲೇ ಬೇಕಿಲ್ಲ. ಅವರು ಬರೆದಾಗ ತಪ್ಪಿರಲಿಲ್ಲ, ಸರಿಸಿದಾಗ ತಪ್ಪಾಯಿತು. ಕಾರ್ಡು ಸರಿದಾಗ ಅದರ ಹಿಂದಿದ್ದ ಋತುವೂ ಅದರೊಡನೆ ಸರಿದು ಬಂದಿತ್ತು, ಎರಡು ಸಾಲಿನ ಸಾರಾಂಶದಲ್ಲಿ ಋತು ಇರಲಿಲ್ಲವಾದ್ದರಿಂದ ಹಲಗೆಯ ಮೇಲೆ ಅದು ಕಾಣಲಿಲ್ಲ.

ಇದನ್ನು ಹಿಡಿದದ್ದು ತಂತ್ರಾಂಶವೂ ಅಲ್ಲ, ನಾನೂ ಅಲ್ಲ. ಕರಡನ್ನು ಓದಿದ ಅವರ ತಂದೆ ಮದುವೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಯಾವ ತಿಂಗಳು?" ಎಂದು ಬರೆದಿದ್ದರು.

ಪ್ರಕರಣದ ಮೊದಲ ತಿರುವು ಇದೇ. ಆವರೆಗೆ ನಾವಿಬ್ಬರೂ ತಂತ್ರಾಂಶಗಳ ಗುಣಗಳನ್ನು ಎಣಿಸುತ್ತಿದ್ದೆವು. ಜನವರಿಯಲ್ಲಿ ಹುಡುಕಾಟವನ್ನೇ ನಿಲ್ಲಿಸಿ ನಾನು ಒಂದು ಕೆಲಸ ಹಚ್ಚಿದೆ: ಹದಿನೈದು ದಿನ, ಬರೆಯುವಾಗ ಹಳೆಯ ಟಿಪ್ಪಣಿಗಾಗಿ ತಡಕಾಡಿದ ಪ್ರತಿ ಸಲವೂ, ಏನನ್ನು ತಿಳಿಯಲು ತಡಕಾಡಿದಿರೋ ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸಿಕ್ಕಿತೋ ಇಲ್ಲವೋ ಬೇಡ, ಪ್ರಶ್ನೆ ಮಾತ್ರ ಸಾಕು.

ನಲವತ್ತೊಂದು ಪ್ರಶ್ನೆಗಳು ಬಂದವು. ಅವುಗಳಲ್ಲಿ ಇಪ್ಪತ್ತಾರು "ಯಾವಾಗ" ಎಂಬ ಜಾತಿಯವು: ಆಗ ಮಗಳಿಗೆ ಎಷ್ಟು ವಯಸ್ಸು, ಕರೆಂಟು ಬಂದಿತ್ತೇ, ಅಜ್ಜಿ ಇದ್ದಳೇ, ಹೊಸ ಮನೆ ಕಟ್ಟಿಯಾಗಿತ್ತೇ. ಒಂಬತ್ತು "ಆ ಹೊತ್ತಿಗೆ ಇದು ಯಾರಿಗೆ ಗೊತ್ತಿತ್ತು" ಎಂಬವು. ನಾಲ್ಕು ದೊಡ್ಡಮ್ಮ ಬಳಸಿದ ಯಾವುದೋ ಮಾತಿನ ನಿಖರ ರೂಪ ಬೇಕಾಗಿ ಹುಡುಕಿದ್ದು. ಉಳಿದೆರಡು ಚಿಲ್ಲರೆ. ಕಣ್ಣಿನ ಬಣ್ಣ ಯಾರದ್ದೂ ಬೇಕಾಗಿರಲಿಲ್ಲ.

ಆ ಚೀಟಿಗಳನ್ನು ಅಂಗಡಿಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಲೇಖಕಿ ಹೇಳಿದರು: "ಇದು ಅಪ್ಪನ ಚೆಕ್‌ರೋಲ್ ಅಲ್ಲವಾ?"

ಚೆಕ್‌ರೋಲ್ ಎಂದರೆ ತೋಟದ ಹಾಜರಿ ಪುಸ್ತಕ. ಎಡಕ್ಕೆ ಆಳುಗಳ ಹೆಸರು ಒಂದರ ಕೆಳಗೊಂದು, ಮೇಲೆ ಅಡ್ಡಕ್ಕೆ ತಿಂಗಳ ತಾರೀಖುಗಳು. ಬಂದವರ ಮನೆಯಲ್ಲಿ ಒಂದು ಗೀಟು, ಅರ್ಧ ದಿನಕ್ಕೆ ½, ಬಾರದಿದ್ದರೆ ಸೊನ್ನೆ. ಅವರ ತಂದೆ ಹೀಗೆ ಬರೆಯುತ್ತಿದ್ದರು. ತಿಂಗಳ ಕೊನೆಯಲ್ಲಿ ಪುಟವನ್ನು ಒಮ್ಮೆ ನೋಡಿದರೆ ಯಾರು ಎಷ್ಟು ದಿನ ಬಂದರು, ಯಾವ ದಿನ ಇಡೀ ಲೈನಿಗೆ ಲೈನೇ ಜಾತ್ರೆಗೆ ಹೋಯಿತು ಎಲ್ಲವೂ ಕಣ್ಣಿಗೆ ಹೊಡೆಯುತ್ತಿತ್ತಂತೆ. ಲೇಖಕಿ ಮನೆಗೆ ಹೋಗಿ ಕೋಷ್ಟಕ ಮಾಡುವ ತಂತ್ರಾಂಶ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಒಂದು ಹಾಳೆ ತೆರೆದು ಎಡಕ್ಕೆ ಪಾತ್ರಗಳನ್ನು, ಮೇಲೆ 1971ರಿಂದ ವರ್ಷಗಳನ್ನು, ಮುಖ್ಯ ವರ್ಷಗಳಲ್ಲಿ ತಿಂಗಳುಗಳನ್ನೂ ಬರೆದರು. ಪ್ರತಿ ಮನೆಯಲ್ಲಿ ಆ ಪಾತ್ರ ಆಗ ಎಲ್ಲಿದೆ, ವಯಸ್ಸೆಷ್ಟು, ಯಾವ ದೃಶ್ಯದಲ್ಲಿ ಬರುತ್ತದೆ. ಕೆಳಗೆ ಪಾತ್ರಗಳಲ್ಲದ ನಾಲ್ಕು ಸಾಲು: ಮಳೆ ಮತ್ತು ತೋಟದ ಕೆಲಸ, ಕಾಫಿ ಮಾರಾಟ, ರಸ್ತೆ ಮತ್ತು ರೈಲು, ಹೇಮಾವತಿಯ ನೀರು.

ಅಬ್ಸಿಡಿಯನ್ ಮತ್ತು ವಿಭಕ್ತಿ ಪ್ರತ್ಯಯ

ಹಾಳೆ ಸಿದ್ಧವಾದ ಮೇಲೆ ತಂತ್ರಾಂಶದ ಆಯ್ಕೆ ಸುಲಭವಾಯಿತು, ಏಕೆಂದರೆ ಅದರಿಂದ ಬಯಸುವುದು ಕಡಿಮೆಯಾಯಿತು. ರಚನೆಯ ಭಾರ ಹಾಳೆಗೆ ಹೋದ ಮೇಲೆ ಟಿಪ್ಪಣಿಗಳಿಗೆ ಬೇಕಾದದ್ದು ಮೂರೇ: ಸಾದಾ ಪಠ್ಯ, ಆಂಡ್ರಾಯ್ಡ್‌ನಲ್ಲಿಯೂ ತೆರೆಯುವುದು, ನೆಟ್‌ವರ್ಕ್ ಇಲ್ಲದೆ ನಡೆಯುವುದು. 2020ರಲ್ಲಿ ಬಂದ ಅಬ್ಸಿಡಿಯನ್ ಈ ಮೂರಕ್ಕೂ ಹೊಂದುತ್ತಿತ್ತು. ಅದು ಪ್ರತಿ ಟಿಪ್ಪಣಿಯನ್ನೂ ನಮ್ಮದೇ ಕಂಪ್ಯೂಟರಿನ ಫೋಲ್ಡರಿನಲ್ಲಿ ಒಂದೊಂದು ಸಾದಾ ಪಠ್ಯದ ಮಾರ್ಕ್‌ಡೌನ್ ಕಡತವಾಗಿ ಇಡುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಒಂದು ಪದದ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಆ ಹೆಸರಿನ ಪುಟಕ್ಕೆ ಕೊಂಡಿಯಾಗುತ್ತದೆ.

ಈ ಕೊಂಡಿಗಳಲ್ಲಿಯೇ ಕನ್ನಡ ತನ್ನ ಗುಣ ತೋರಿಸಿತು, ಇದನ್ನು ಇಂಗ್ಲಿಷಿನ ಮಾರ್ಗದರ್ಶಿಗಳು ಹೇಳುವ ಪ್ರಮೇಯವಿಲ್ಲ. ಹೆಸರು "ಅ"ಕಾರಾಂತವಾಗಿದ್ದರೆ ತೊಂದರೆಯಿಲ್ಲ: "ದೇವೀರಮ್ಮ" ಎಂಬುದಕ್ಕೆ ಆವರಣ ಹಾಕಿ ಹೊರಗೆ "ನಿಗೆ" ಎಂದು ಬರೆದರೆ ಓದಲು "ದೇವೀರಮ್ಮನಿಗೆ" ಎಂದೇ ಇರುತ್ತದೆ. "ಸಕಲೇಶಪುರ"ದ ಮುಂದೆ "ದಲ್ಲಿ" ಕೂಡ ಹಾಗೆಯೇ. ಆದರೆ "ಬೇಲೂರು" ಪ್ರತ್ಯಯ ಸೇರಿದೊಡನೆ "ಬೇಲೂರಿನ" ಆಗುತ್ತದೆ, ಕೊನೆಯ ಉಕಾರ ಹಾರಿಹೋಗುತ್ತದೆ, ಕೊಂಡಿ ಬೇಲೂರಿನ ಪುಟವನ್ನು ಗುರುತಿಸುವುದಿಲ್ಲ. ಕೊಂಡಿಯೊಳಗೆ ಮೂಲ ಹೆಸರು, ಒಂದು ಲಂಬ ಗೆರೆ, ಆಮೇಲೆ ಕಾಣಬೇಕಾದ ರೂಪ, ಹೀಗೆ ಬರೆಯಬೇಕು. ಹುಡುಕಾಟದಲ್ಲೂ ಇದೇ ಕಥೆ: "ಬೇಲೂರು" ಎಂದು ಹುಡುಕಿದರೆ "ಬೇಲೂರಿಗೆ", "ಬೇಲೂರಿನಿಂದ" ಎರಡೂ ಸಿಗುವುದಿಲ್ಲ; ಕೊನೆಯ ಸ್ವರ ಬಿಟ್ಟು "ಬೇಲೂರ" ಎಂದು ಹುಡುಕಿದರೆ ಮೂರೂ ಸಿಗುತ್ತವೆ. ಲೇಖಕಿ ಈ ಉಪಾಯವನ್ನು ಚೀಟಿ ಮಾಡಿ ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿಕೊಂಡರು.

ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. "ರೈಟರ್" ಎಂಬ ಒಂದೇ ಹೆಸರಿನ ಎರಡು ಪುಟಗಳು ಹುಟ್ಟಿಕೊಂಡಿದ್ದವು. ಪರದೆಯ ಮೇಲೆ ಎರಡೂ ಒಂದೇ ಥರ. ಅರ್ಧ ದಿನ ಒದ್ದಾಡಿದ ಮೇಲೆ ತಿಳಿದದ್ದು, ಒಂದರ ಕೊನೆಯ ಅರ್ಧಾಕ್ಷರದ ನಂತರ ಒತ್ತಕ್ಷರ ಬಾರದಂತೆ ತಡೆಯುವ ಶೂನ್ಯ ಅಗಲದ ಅಕ್ಷರವೊಂದು ಸೇರಿಕೊಂಡಿದೆ. ನಮಗೆ ಇಲ್ಲದ್ದು, ಕಂಪ್ಯೂಟರಿಗೆ ಇದ್ದದ್ದು. ಅಂದಿನಿಂದ ಪುಟದ ಹೆಸರುಗಳು ಅರ್ಧಾಕ್ಷರದಲ್ಲಿ ಮುಗಿಯಬಾರದೆಂದು ನಿಯಮ ಮಾಡಿ "ರೈಟರು" ಎಂದು ಇಟ್ಟರು. ಆಡುಮಾತಿಗೂ ಅದೇ ಹತ್ತಿರ.

ಟಿಪ್ಪಣಿಗಳ ನಡುವಿನ ಕೊಂಡಿಗಳನ್ನು ಚುಕ್ಕಿ ಗೆರೆಗಳಾಗಿ ತೋರಿಸುವ ಚಿತ್ರವೂ ಅಬ್ಸಿಡಿಯನ್‌ನಲ್ಲಿದೆ. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು. ನೋಡಲು ಚೆಂದ, ಅದರಿಂದ ಒಂದು ವಾಕ್ಯವೂ ಹುಟ್ಟಿದ್ದು ನನಗೆ ಗೊತ್ತಿಲ್ಲ.

ಪ್ರತಿ ದೃಶ್ಯದ ಕಡತದ ತಲೆಯಲ್ಲಿ ನಾಲ್ಕು ಸಾಲುಗಳು ಕಡ್ಡಾಯವಾದವು: ಇಸವಿ ಮತ್ತು ತಿಂಗಳು, ಮಳೆ ಅಥವಾ ತೋಟದ ಕೆಲಸ, ಇರುವವರು, ಈ ದೃಶ್ಯದ ಕೊನೆಗೆ ಯಾರಿಗೆ ಹೊಸದಾಗಿ ಏನು ಗೊತ್ತಾಯಿತು. ಸ್ಕ್ರಿವ್‌ನರ್‌ನಲ್ಲಿಯೂ ಇಂಥ ಸಾಲುಗಳನ್ನು ಸೇರಿಸಲು ಬರುತ್ತದೆಂದು ನ್ಯಾಯಕ್ಕಾಗಿ ಹೇಳಬೇಕು; ಆಗ ಯಾವ ಸಾಲು ಬೇಕೆಂದು ನಮಗೇ ಗೊತ್ತಿರಲಿಲ್ಲ. ಹಲಗೆಯೊಂದನ್ನು ಮಾತ್ರ ಅವರು ಬಹಳ ನೆನೆಸಿಕೊಂಡರು. ಅದರ ಬದಲಿಗೆ ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ 118 ಚೀಟಿ ಮಾಡಿ, ಬೇಸಿಗೆ ರಜೆಯಲ್ಲಿ ಹಜಾರದ ನೆಲದ ಮೇಲೆ ಹಾಸಿದರು. ಪ್ರತಿ ಚೀಟಿಯ ಮೂಲೆಯಲ್ಲಿ ತಿಂಗಳು.

ನಡುವೆ ನಡೆದ ಅನಾಹುತ

2024ರ ಮಾರ್ಚ್‌ನಲ್ಲಿ ಒಂದು ಪಾತ್ರದ ಹೆಸರನ್ನು "ರಾಮ" ಎಂಬುದರಿಂದ "ಸೋಮ" ಎಂದು ಬದಲಿಸಲು ಲೇಖಕಿ ಒಂದು ಟೆಕ್ಸ್ಟ್ ಎಡಿಟರ್‌ನಿಂದ ಇಡೀ ಫೋಲ್ಡರಿನ ಮೇಲೆ ಒಂದೇ ಏಟಿಗೆ ಬದಲಾವಣೆ ಓಡಿಸಿದರು. ರಾಮ ಸೋಮನಾದ. ಜೊತೆಗೆ "ಆರಾಮ"ವಾಗಿದ್ದವರೆಲ್ಲ "ಆಸೋಮ"ವಾದರು, "ವಿರಾಮ" "ವಿಸೋಮ"ವಾಯಿತು. ಒತ್ತಕ್ಷರವೆಂದು ನಮಗೆ ಕಾಣುವ "ಗ್ರಾ" ಎಂಬುದರೊಳಗೆ ಕಂಪ್ಯೂಟರಿನ ಲೆಕ್ಕದಲ್ಲಿ ಗ, ವಿರಾಮ ಚಿಹ್ನೆ, ರ, ದೀರ್ಘ ಹೀಗೆ ಸಾಲಾಗಿ ಕೂತಿರುವುದರಿಂದ "ಗ್ರಾಮ"ದ ಹೊಟ್ಟೆಯಲ್ಲೂ ಒಬ್ಬ "ರಾಮ" ಸಿಕ್ಕಿ, ಕಾದಂಬರಿ ತುಂಬ "ಗ್ಸೋಮ ಪಂಚಾಯಿತಿ"ಗಳು ಎದ್ದವು. ಇಂಗ್ಲಿಷಿನಂತೆ ಪೂರ್ತಿ ಪದವನ್ನಷ್ಟೇ ಹುಡುಕು ಎಂದು ಹೇಳಿದರೂ ನಮಗೆ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಆಗ "ರಾಮನು", "ರಾಮನಿಗೆ" ಎಲ್ಲ ಹಾಗೆಯೇ ಉಳಿಯುತ್ತಿದ್ದವು.

ಪ್ರತಿ ಭಾನುವಾರ ರಾತ್ರಿ ಇಡೀ ಫೋಲ್ಡರನ್ನು ತಾರೀಖು ಹಾಕಿ ಪೆನ್‌ಡ್ರೈವಿಗೆ ನಕಲು ಮಾಡುವ ಪದ್ಧತಿ ಇದ್ದುದರಿಂದ ಕಳೆದುಹೋದದ್ದು ನಾಲ್ಕು ದಿನದ ಬರವಣಿಗೆ ಮಾತ್ರ. ಎರಡನೆಯ ಸಲ ಹೆಸರನ್ನು ಒಂದೊಂದಾಗಿ, ನೋಡಿ ನೋಡಿ ಬದಲಿಸಿದರು; ಎರಡು ಸಂಜೆ ಹಿಡಿಯಿತು. ಈಗ ಅವರು ಹೊಸ ಪಾತ್ರಕ್ಕೆ ಹೆಸರಿಡುವ ಮುನ್ನ ಆ ಹೆಸರು ಬೇರಾವ ಪದದ ಹೊಟ್ಟೆಯಲ್ಲಿದೆ ಎಂದು ಹುಡುಕಿ ನೋಡುತ್ತಾರೆ. ಕಾದಂಬರಿಕಾರರು ಪಾತ್ರಗಳ ಹೆಸರನ್ನು ಎಷ್ಟೋ ಕಾರಣಕ್ಕೆ ಆಯ್ದುಕೊಂಡಿದ್ದಾರೆ, ಈ ಕಾರಣ ಹೊಸದಿರಬೇಕು.

ಹಾಳೆ ಹಿಡಿದುಕೊಟ್ಟದ್ದು

ಚೆಕ್‌ರೋಲ್ ಹಾಳೆಯಲ್ಲಿ 118 ದೃಶ್ಯಗಳನ್ನು ತುಂಬಿಸಲು ಸುಮಾರು ಆರು ವಾರ ಬೇಕಾಯಿತು. ತುಂಬಿಸುತ್ತ ಹೋದಂತೆ ತಪ್ಪುಗಳು ತಾವಾಗಿ ಎದ್ದು ನಿಂತವು. ಅವುಗಳಲ್ಲಿ ಎರಡು ಕಾದಂಬರಿಯನ್ನೇ ಬದಲಿಸಿದವು.

1984ರ ಒಂದು ದೃಶ್ಯದಲ್ಲಿ ಸಣ್ಣ ಬೆಳೆಗಾರನೊಬ್ಬ ಮಗಳ ಓದಿಗೆ ಹಣ ಬೇಕಾಗಿ ರಾತ್ರೋರಾತ್ರಿ ಕಾಫಿ ಚೀಲಗಳನ್ನು ಪೇಟೆಯ ವ್ಯಾಪಾರಿಗೆ ಮಾರಿ ಬರುತ್ತಾನೆ, ಯಾವ ಅಳುಕೂ ಇಲ್ಲದೆ. "ಕಾಫಿ ಮಾರಾಟ" ಎಂಬ ಸಾಲಿನಲ್ಲಿ ಆ ವರ್ಷದ ಮನೆಯಲ್ಲಿ ಬರೆದದ್ದು ಒಂದೇ ಮಾತು: ಪೂಲ್. ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ ಒಪ್ಪಿಸಬೇಕಾಗಿದ್ದ ಕಾಲ ಅದು. ಮುಕ್ತ ಮಾರಾಟಕ್ಕೆ ಬಾಗಿಲು ತೆರೆಯತೊಡಗಿದ್ದು 1990ರ ದಶಕದಲ್ಲಿ. ಪೂಲಿಗೆ ಕೊಟ್ಟ ಕಾಫಿಯ ಹಣ ಕಂತು ಕಂತಾಗಿ ಬರುತ್ತಿತ್ತು. ಲೇಖಕಿ ಮಾರಾಟವನ್ನು ತೆಗೆದುಹಾಕಲಿಲ್ಲ, ಅದನ್ನು ಕದ್ದ ಮಾರಾಟವಾಗಿಸಿದರು. ಅದೇ ಮನುಷ್ಯ, ಅದೇ ಚೀಲ, ಅದೇ ರಾತ್ರಿ. ಆದರೆ ಈಗ ಗೋದಾಮಿನ ಲೆಕ್ಕದಲ್ಲಿ ಮೂರು ಚೀಲ ಕಡಿಮೆಯಾದದ್ದನ್ನು ರೈಟರು ಕಂಡೂ ಬರೆಯದೆ ಬಿಡುತ್ತಾನೆ. ತಂದೆಯ ಪಾತ್ರಕ್ಕೆ ಅಲ್ಲಿಯವರೆಗೆ ಇಲ್ಲದ ಒಂದು ಗುಟ್ಟು ಸಿಕ್ಕಿತು. "ಯಾರಿಗೆ ಗೊತ್ತಾಯಿತು" ಎಂಬ ಸಾಲಿನಲ್ಲಿ ಆ ಗುಟ್ಟು ಅಲ್ಲಿಂದ ಹದಿನಾರು ವರ್ಷ ಒಬ್ಬನ ಹೆಸರಿನ ಮುಂದೆಯೇ ಉಳಿಯುತ್ತದೆ.

ಎರಡನೆಯದು ರೈಲು. ಮೊಮ್ಮಗ 1999ರ ಜುಲೈನಲ್ಲಿ ಸಕಲೇಶಪುರದಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋಗುತ್ತಾನೆ. ಘಾಟಿಯ ಸುರಂಗಗಳ ಕತ್ತಲಲ್ಲಿ ಎಣಿಸುತ್ತ ಕೂತ ಹುಡುಗನ ಚಿತ್ರ ಕರಡಿನ ಅತ್ಯಂತ ಸುಂದರ ಪುಟಗಳಲ್ಲಿ ಒಂದು. ಆದರೆ ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ಆ ಮೀಟರ್‌ಗೇಜ್ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದ್ದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಲೇಖಕಿ ಬಾಲ್ಯದಲ್ಲಿ ಆ ರೈಲಿನಲ್ಲಿ ಹೋದವರು, 2008ರಲ್ಲಿ ಮತ್ತೆ ಹೋದವರು. ನಡುವಿನ ಖಾಲಿ ವರ್ಷಗಳನ್ನು ನೆನಪು ಹೊಲಿದುಬಿಟ್ಟಿತ್ತು. ಒಂದು ವಾರ ಅವರಿಗೆ ಆ ಪುಟಗಳನ್ನು ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಹುಡುಗನನ್ನು ಶಿರಾಡಿ ಘಾಟಿಯ ರಾತ್ರಿ ಬಸ್ಸಿಗೆ ಹತ್ತಿಸಿದರು. ಗುಡ್ಡ ಜರಿದು ಬಸ್ಸು ಬೆಳಗಿನವರೆಗೆ ನಿಲ್ಲುತ್ತದೆ, ಪಕ್ಕದ ಸೀಟಿನವರೊಡನೆ ಆ ರಾತ್ರಿ ಆಡಿದ ಮಾತಿನಿಂದಲೇ ಅವನು ಓದು ಬಿಡುವ ತೀರ್ಮಾನ ಹುಟ್ಟುತ್ತದೆ. ಮೊದಲಿನ ಕರಡಿನಲ್ಲಿ ಅವನು ಏಕೆ ಮರಳಿದ ಎಂಬುದಕ್ಕೆ ಸರಿಯಾದ ಕಾರಣವೇ ಇರಲಿಲ್ಲ. ಸುರಂಗಗಳು ಕಾದಂಬರಿಯ ಕೊನೆಗೆ, 2008ಕ್ಕೆ ಹೋದವು. ಈಗ ಎಣಿಸುವವನು ಹುಡುಗನಲ್ಲ, ಇಪ್ಪತ್ತೇಳು ವರ್ಷದ ಗಂಡಸು.

ಈ ಯಾವ ತಪ್ಪನ್ನೂ ಯಾವ ತಂತ್ರಾಂಶವೂ ತಾನಾಗಿ ಹೇಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮನೆಯೊಂದು ಖಾಲಿಯಿತ್ತು, ಅದನ್ನು ತುಂಬಿಸಲು ಹೊರಟಾಗ ಯಾರನ್ನೋ ಕೇಳಬೇಕಾಯಿತು, ಕೇಳಿದಾಗ ತಿಳಿಯಿತು. ತಂದೆಯನ್ನು ಕೇಳಿ ತುಂಬಿಸಿದ ಮನೆಗಳೇ ಹೆಚ್ಚು.

ಸದ್ಯದ ಸ್ಥಿತಿ

2024ರ ಆಗಸ್ಟ್‌ಗೆ ಕರಡು 126 ದೃಶ್ಯಗಳಲ್ಲಿ ಮುಗಿಯಿತು. ಕಡತಗಳನ್ನು ಒಂದಾಗಿ ಕೂಡಿಸಿ, ವರ್ಡ್‌ಗೆ ತಂದು, ಪ್ರಕಾಶಕರು ಇನ್ನೂ ಹಳೆಯ ನುಡಿ ಫಾಂಟಿನಲ್ಲಿಯೇ ಪುಟ ಕಟ್ಟಿಸುವವರಾದ್ದರಿಂದ ಯೂನಿಕೋಡ್‌ನಿಂದ ಮತ್ತೆ ಆಸ್ಕಿಗೆ ತಿರುಗಿಸಿದ್ದು ನಾನೇ. ಒಂಬತ್ತು ವರ್ಷ ಹಿಂದಿನ ಸಂಕೇತಗಳಿಗೇ ಕಾದಂಬರಿ ಮರಳಿ ಹೋದದ್ದನ್ನು ನೋಡಿ ಇಬ್ಬರೂ ನಕ್ಕೆವು. ಮೂಲ ಮಾತ್ರ ಸಾದಾ ಪಠ್ಯವಾಗಿ ಅವರಲ್ಲಿದೆ.

ಅಜ್ಜನ ಎರಡು ಸಾವುಗಳು ಏನಾದವು ಎಂದು ಓದುಗರು ಕೇಳಬಹುದು. ಹಾಳೆ ತುಂಬಿಸುವಾಗ ನಾನು ಒಂದನ್ನು ಆಯ್ದುಕೊಳ್ಳಿ ಎಂದು ಒತ್ತಾಯಿಸಿದೆ. ಅವರು ದೊಡ್ಡಮ್ಮನ ಹದಿನಾಲ್ಕು ಮುದ್ರಿಕೆಗಳನ್ನು ಮತ್ತೆ ಕೇಳಿದರು, ಆಮೇಲೆ ತಾಯಿಯನ್ನು ಕೂರಿಸಿಕೊಂಡು ಕೇಳಿದರು. ದೊಡ್ಡಮ್ಮನ ಲೆಕ್ಕದಲ್ಲಿ ಅವರ ತಂದೆ ನೀರು ಕಾಣದೆ ಹೋದವರು. ತಾಯಿಯ ಲೆಕ್ಕದಲ್ಲಿ ನೀರಿನ ಮುಂದೆ ನಿಂತು ಬೆರಳು ಮಾಡಿದವರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು. ಕಾದಂಬರಿಯಲ್ಲಿ ಈಗ ಎರಡೂ ಇವೆ, ಒಂದು ಅಕ್ಕನ ಬಾಯಲ್ಲಿ, ಒಂದು ತಂಗಿಯ ಬಾಯಲ್ಲಿ. ಕ್ಯಾಲ್ಕ್ ಹಾಳೆಯ ಮೊದಲ ಸಾಲು ಅಜ್ಜನದು. ಅದರಲ್ಲಿ 1973ರವರೆಗೆ ಗೀಟುಗಳಿವೆ, 1980ರಿಂದ ಸೊನ್ನೆಗಳಿವೆ, ನಡುವಿನ ಆರು ಮನೆಗಳಲ್ಲಿ ಅವರು ½ ಎಂದು ಬರೆದಿದ್ದಾರೆ.